ಎಗಮ್-ಅಕಾನ ಅಂಗಳ ತುಂಬಿದ ವರ್ಷ

ನಮ್ಮ ಬೇದಾನಾ ಫುಟ್‌ಬಾಲ್ ತಂಡ ಕಣಿವೆ ಲೀಗಿನ ಕಪ್ಪು ಗೆದ್ದುಕೊಂಡು ಚಿನಾರ್‌ತೆಪಾಕ್ಕೆ ವಾಪಸು ಬಂದ ದಿನ ಊರ ಚೌಕದಲ್ಲಿ ಒಂದು ಎಡವಟ್ಟಾಯಿತು. ಬಸ್ಸಿನಿಂದ ಮೊದಲು ಇಳಿದವನು ಡ್ರೈವರ್ ಎಗಂಬೆರ್ದಿ. ಇಳಿಯದೆ ವಿಧಿಯಿರಲಿಲ್ಲ. ಆಟಗಾರರು ಇಳಿಯುವ ಬಾಗಿಲು ಹೊರಗಿನಿಂದ ಒದ್ದರೆ ಮಾತ್ರ ತೆರೆಯುತ್ತಿತ್ತು, ಒದೆಯುವ ಹದ ಅವನ ಕಾಲಿಗಷ್ಟೇ ಗೊತ್ತಿತ್ತು. ವಯಸ್ಸು ಐವತ್ತು ದಾಟಿದೆ, ಬೆಳ್ಳಿ ಮೀಸೆ, ನಾಲ್ಕು ಜನ ದಾರಿ ಬಿಡುವಂಥ ಹೊಟ್ಟೆ, ತಲೆಯ ಮೇಲೆ ಹೆಂಡತಿ ಅವತ್ತೇ ಗಂಜಿ ಹಾಕಿದ ಕಸೂತಿ ಟೋಪಿ. ಎದುರಿಗೆ ಹಾಕಿಮರು ಜರತಾರಿ ನಿಲುವಂಗಿ ಹಿಡಿದು ನಿಂತಿದ್ದರು. ಆ ಹಾಕಿಮರು ನಮ್ಮ ಊರಿನ ಆಡಳಿತಕ್ಕೆ ಬಂದು ಒಂದು ವಾರವಾಗಿತ್ತು. ಗೆದ್ದ ತಂಡದ ಕೋಚ್ ಎಂದರೆ ಇಂಥ ಆಕಾರವೇ ಇರಬೇಕೆಂದು ಅವರ ಎಣಿಕೆ. ಅಂಗಿಯನ್ನು ತಂದು ಎಗಂಬೆರ್ದಿಯ ಹೆಗಲಿಗೆ ಹೊದಿಸಿ, ಸೊಂಟಕ್ಕೆ ರೇಷ್ಮೆ ವಸ್ತ್ರ ಬಿಗಿದು, ತಬ್ಬಿ, ಕ್ಯಾಮೆರಾದ ಕಡೆ ತಿರುಗಿಸಿದರು.

ನಾನು ಡ್ರೈವರ್ ಸ್ವಾಮಿ ಅನ್ನುವುದಕ್ಕೆ ಅವನ ಬಾಯಿ ತೆರೆದಿತ್ತು, ಫೋಟೋದಲ್ಲಿ ಈಗಲೂ ತೆರೆದೇ ಇದೆ. ಆದರೆ ಹೆಗಲಿಗೆ ಬಿದ್ದ ನಿಲುವಂಗಿಯನ್ನು ನಮ್ಮಲ್ಲಿ ಯಾರೂ ತೆಗೆದು ವಾಪಸು ಕೊಡುವುದಿಲ್ಲ. ಕೊಟ್ಟರೆ ಹೊದಿಸಿದವರ ಮುಖಕ್ಕೆ ಎಸೆದ ಹಾಗೆ. ಅವನು ಎದೆಯ ಮೇಲೆ ಕೈಯಿಟ್ಟು ಬಾಗಿದ. ಅಷ್ಟರಲ್ಲಿ ಬಾಗಿಲಿಂದ ನಿಜವಾದ ಕೋಚ್ ನಿಶಾನ್‌ಬೋಯ್ ಇಳಿದ. ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವನು, ಕೋಲಿನ ಹಾಗಿದ್ದ, ಮಂಡಿ ಜೋತುಬಿದ್ದ ಪ್ಯಾಂಟು. ಪೊಲೀಸಿನವನು ಅವನನ್ನು ನೋಡಿ, ಬಸ್ಸು ಹಾಕಿಮರ ಫೋಟೋಗೆ ಅಡ್ಡ ಬರ್ತಿದೆ, ಬೇಗ ಆ ಕಡೆ ಹಾಕು ಅಂದ. ಹೀಗೆ ನಮ್ಮ ಊರಿನಲ್ಲಿ ಕೋಚ್ ಓಡಿಸುವವನು ಕೋಚಾದ, ಕೋಚಾಗಿದ್ದವನು ಕೋಚಿನ ಹಿಂದೆ ನಿಂತ.

ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು. ತಪ್ಪು ತಿದ್ದಿ ಹಾಕಬೇಕಾದರೆ ಹಾಕಿಮರಿಗೆ ಮನುಷ್ಯರ ಗುರುತು ಸಿಗುವುದಿಲ್ಲ ಎಂದು ಅಚ್ಚು ಮಾಡಬೇಕಾಗುತ್ತಿತ್ತು. ಪತ್ರಿಕೆಯವರಿಗೂ ಮಕ್ಕಳು ಮರಿ ಇದ್ದರು.

ಎಗಂಬೆರ್ದಿಯನ್ನು ಊರು ಎಗಮ್-ಅಕಾ ಅನ್ನುತ್ತದೆ. ಅಕಾ ಅಂದರೆ ಅಣ್ಣ, ಕನ್ನಡದ ಅಕ್ಕಂದಿರು ತಪ್ಪು ತಿಳಿಯಬಾರದು. ಹತ್ತಿ ಲಾರಿಯಲ್ಲಿ ಶುರುಮಾಡಿ, ಸಾಮೂಹಿಕ ತೋಟದ ಬಸ್ಸು ಓಡಿಸಿ, ಕಡೆಗೆ ಫುಟ್‌ಬಾಲ್ ತಂಡದ ಬಸ್ಸಿಗೆ ಬಂದವನು. ಆಟದ ಮೇಲೆ ಪ್ರೀತಿ ದ್ವೇಷ ಎರಡೂ ಇರಲಿಲ್ಲ. ತಂಡವನ್ನು ಮೈದಾನದ ಬಾಗಿಲಿಗೆ ಬಿಟ್ಟವನೇ ಹಿಂದಿನ ಸೀಟಿನಲ್ಲಿ ಮುಖದ ಮೇಲೆ ಟೋಪಿ ಹಾಕಿಕೊಂಡು ಮಲಗಿಬಿಡುತ್ತಿದ್ದ. ಗೆದ್ದರೋ ಸೋತರೋ ಎನ್ನುವುದು ಹುಡುಗರು ಬಸ್ಸು ಹತ್ತುವ ಸದ್ದಿನಲ್ಲಿ ತಿಳಿಯುತ್ತಿತ್ತು, ಅವನಿಗೆ ಅಷ್ಟು ಸಾಕಾಗಿತ್ತು.

ಅವನ ಬದುಕಿನಲ್ಲಿ ಒಂದು ಗಾಯವಿತ್ತು. ನಮ್ಮಲ್ಲಿ ಮದುವೆಯ ದಿನ ಹೊತ್ತು ಮೂಡುವ ಮುಂಚೆ ಗಂಡಸರನ್ನೆಲ್ಲ ಕರೆದು ಓಶ್, ಅಂದರೆ ಮಾಂಸದ ಪಲಾವು, ಬಡಿಸುತ್ತಾರೆ. ಅಂಗಳದಲ್ಲಿ ಉದ್ದುದ್ದ ಮೇಜು, ಇಬ್ಬರಿಗೊಂದು ತಟ್ಟೆ, ಕುರಿಮಾಂಸ, ಕ್ಯಾರೆಟ್ಟು, ಕೆಂಪು ಅಕ್ಕಿ. ಒಂದು ಸಾಲು ತಿಂದು ಕೈಯೆತ್ತಿ ಆಮೀನ್ ಅಂದು ಎದ್ದರೆ ಇನ್ನೊಂದು ಸಾಲು ಕೂರುತ್ತದೆ. ಆ ಅಂಗಳ ಎಷ್ಟು ಸಲ ತುಂಬಿತು ಎನ್ನುವುದೇ ಮನೆಯವನ ಬೆಲೆ. ನೀವು ಯಾರ ಮನೆಯ ಓಶ್ ತಿಂದಿದ್ದೀರೋ ಅವರು ನಿಮ್ಮ ಮನೆಗೆ ಬಂದು ತಿನ್ನುತ್ತಾರೆ, ಇದರಲ್ಲಿ ಮೋಸವಿಲ್ಲ. ಎಗಮ್-ಅಕಾ ಜನ್ಮವಿಡೀ ರಸ್ತೆಯ ಮೇಲಿದ್ದವನು. ಯಾರ ಮನೆಯ ಓಶಿಗೂ ಸಮಯಕ್ಕೆ ಮುಟ್ಟಿದವನಲ್ಲ. ಹಾಗಾಗಿ ದೊಡ್ಡ ಮಗಳ ಮದುವೆಯಲ್ಲಿ ಕೊಂಬು ಊದುವವರು ಖಾಲಿ ಕುರ್ಚಿಗಳಿಗೆ ಊದಿದರು. ಎರಡನೆಯವಳ ಮದುವೆಯಲ್ಲಿ ಅವರಿಗೇ ನಾಚಿಕೆಯಾಗಿ ಮೆಲ್ಲಗೆ ಊದಿದರು. ಮಿಕ್ಕ ಅನ್ನವನ್ನು ಹೆಂಡತಿ ಸನೋಬರ್ ಬಕೆಟ್ಟಿನಲ್ಲಿ ಹೊತ್ತು ಬೀದಿ ಬೀದಿ ಹಂಚಿ ಬಂದಳು. ಅವಳು ಗಂಡನಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೋ ಏನೋ.

ಮೂರನೆಯವಳು ಜುಲೈಹೋ. ಕಪ್ಪು ಬಂದ ವರ್ಷ ಅವಳಿಗೆ ಗಂಡು ಗೊತ್ತಾಗಿ, ಮುಂದಿನ ಶರತ್ಕಾಲಕ್ಕೆ ಮದುವೆ ಅಂತ ಮಾತಾಗಿತ್ತು. ಈ ಒಂದು ಅಂಗಳ ತುಂಬಬೇಕು ಅಂತ ಎಗಮ್-ಅಕಾ ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಬೀದಿಗೆಲ್ಲ ಗೊತ್ತಿತ್ತು. ಆ ವರ್ಷ ಅವನು ಅಂಗಳಕ್ಕೆ ಎರಡು ಸಲ ಸುಣ್ಣ ಹೊಡೆಸಿದ.

ಫೋಟೋ ಬಂದ ವಾರದಲ್ಲೇ ರೊಟ್ಟಿ ಅಂಗಡಿಯವನು ಬಂದು, ಕೋಚ್-ಅಕಾ, ಶುಕ್ರವಾರ ಮಗನ ಓಶು, ಹುಡುಗರನ್ನ ಕರ್ಕೊಂಡು ಬನ್ನಿ ಅಂದ. ತಾನು ಕೋಚ್ ಅಲ್ಲ ಅಂತ ಎಗಮ್-ಅಕಾ ಹೇಳಿದ. ಅವನು ಅದನ್ನು ವಿನಯ ಅಂದುಕೊಂಡ. ಎರಡನೇ ಸಲ ಹೇಳಿದ್ದಕ್ಕೆ, ಬಡವನ ಮನೆ ಓಶು ಚಾಂಪಿಯನ್ನರಿಗೆ ಸೇರಲ್ಲ ಅನ್ನಿ, ಅದನ್ನ ನೇರ ಹೇಳಿಬಿಡಿ ಅಂತ ಮುಖ ಊದಿಸಿಕೊಂಡ. ಎಗಮ್-ಅಕಾ ಮೂರನೇ ಸಲ ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ. ಶುಕ್ರವಾರ ನಸುಕಿನಲ್ಲಿ ಆಟಗಾರರ ಮನೆ ಮನೆಯ ಮುಂದೆ ಬಸ್ಸು ನಿಲ್ಲಿಸಿ ಹಾರನ್ ಮಾಡಿದ.

ಹುಡುಗರಿಗೆ ಬೇಡ ಅನ್ನಲು ಕಾರಣವೇ ಇರಲಿಲ್ಲ. ಕಪ್ಪು ಗೆಲ್ಲುವ ತನಕ ಅವರು ಯಾರಿಗೂ ಬೇಕಾಗಿರಲಿಲ್ಲ. ಪಂದ್ಯಕ್ಕೆ ಹೋಗುವಾಗ ಬೇಯಿಸಿದ ಮೊಟ್ಟೆ, ಒಣ ರೊಟ್ಟಿ, ಬಾಟಲಿಯಲ್ಲಿ ಆರಿದ ಹಸಿರು ಚಹಾ. ಬಸ್ಸು ಎಲ್ಲೆಂದರಲ್ಲಿ ನಿಲ್ಲುತ್ತಿತ್ತು, ಇಳಿದು ತಳ್ಳುತ್ತಿದ್ದರು. ಕಣಿವೆಯ ಏರುಗಳಲ್ಲೆಲ್ಲ ಒಂದೂವರೆ ಡಜನ್ ಹುಡುಗರು ಬಸ್ಸಿಗೆ ಹೆಗಲು ಕೊಟ್ಟು ಓಡುವುದನ್ನು ಕಂಡವರಿದ್ದಾರೆ. ಈಗ ಹಾಕಿಮರು ಹೊಸ ಬಸ್ಸು ಕೊಡಿಸಿದ್ದರು, ಕೀಲಿ ತಿರುಗಿಸಿದರೆ ಹೊರಡುವಂಥದ್ದು. ಹಳೆಯದನ್ನು ಕಣಿವೆಯ ಆ ತುದಿಯ ತೆಮಿರ್ಚಿ ತಂಡಕ್ಕೆ ದಾನ ಮಾಡಿದ್ದರು. ನಮ್ಮ ಹುಡುಗರು ಮೆತ್ತನೆಯ ಸೀಟಿನಲ್ಲಿ ಕೂತು ಓಶಿನಿಂದ ಓಶಿಗೆ ಹೋದರು.

ಮದುವೆ, ಮುಂಜಿ, ತೊಟ್ಟಿಲು, ಸೇನೆಯಿಂದ ಮಗ ವಾಪಸು ಬಂದದ್ದು, ಮೆಕ್ಕಾಗೆ ಹೋಗಿ ಬಂದದ್ದು, ಎಲ್ಲಕ್ಕೂ ಚಾಂಪಿಯನ್ನರು ಬೇಕಾದರು. ಅವರು ಕೂತ ಮೇಜಿನಲ್ಲಿ ಕೂರಲು ಜನ ನೂಕಾಡುತ್ತಿದ್ದರು. ಮನೆಯವರು ಕುರಿಬಾಲದ ಕೊಬ್ಬಿನ ತುಂಡನ್ನು ಕೈಯಾರೆ ಫಾರ್ವರ್ಡ್ ಆಟಗಾರ ಪುಲಾತನ ಬಾಯಿಗಿಟ್ಟು ಹರಸುತ್ತಿದ್ದರು. ಪುಲಾತ್ ಹೋದ ವರ್ಷ ಲೀಗಿನಲ್ಲೇ ಹೆಚ್ಚು ಗೋಲು ಹೊಡೆದವನು, ಗಾಳಿಗೆ ಸಿಕ್ಕ ಕಾಗದದ ಹಾಗೆ ಓಡುತ್ತಿದ್ದ. ಬೇಸಿಗೆಯ ಹೊತ್ತಿಗೆ ಅವನ ಅಂಗಿ ಹೊಕ್ಕುಳ ಹತ್ತಿರ ಕೈಬಿಟ್ಟಿತ್ತು. ಚೆಂಡನ್ನು ಎದೆಯ ಮೇಲೆ ಇಳಿಸಿಕೊಂಡರೆ ಅದು ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ನೆಲಕ್ಕೆ ಬರುತ್ತಿತ್ತು. ಗ್ಯಾಲರಿಯಿಂದ ಯಾರೋ, ಪುಲಾತ್ ತಮ್ಮಾ, ಅದನ್ನೂ ನುಂಗ್ಬೇಡಪ್ಪಾ, ಒಂದೇ ಚೆಂಡು ಇರೋದು ಅಂತ ಕೂಗಿದ್ದನ್ನು ಊರು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕಿತು. ನಕ್ಕವರೇ ಮಾರನೆಯ ವಾರ ತಮ್ಮ ಮನೆಗೆ ಕರೆದು ಇನ್ನೊಂದು ತಟ್ಟೆ ಬಡಿಸಿದರು. ಆಟಕ್ಕಿಂತ ಊಟ ಮುಂದಾಗಿ, ಗೋಲಿನ ಕಡೆಯ ದಾರಿ ಗೋಳಿನ ಕಡೆ ಹೊರಳಿತು.

ಕೋಚ್ ನಿಶಾನ್‌ಬೋಯ್ ಮೊದಮೊದಲು ಈ ಊಟಗಳಿಗೆ ಹುಡುಗರ ಮೇಲೆ ಕಣ್ಣಿಡಲೆಂದು ಬರುತ್ತಿದ್ದ. ಆದರೆ ಮನೆಯವರು ಜರತಾರಿ ಅಂಗಿಯ ಎಗಮ್-ಅಕಾನನ್ನು ಮೇಲಿನ ಸಾಲಿನ ನಡುವೆ ಕೂರಿಸಿ, ನಿಶಾನ್‌ಬೋಯಿಗೆ ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ಜಾಗ ತೋರಿಸುತ್ತಿದ್ದರು. ಒಮ್ಮೆ ಒಬ್ಬ ಮುದುಕ ಅವನ ಕೈಗೆ ಎರಡು ರೊಟ್ಟಿ ಕೊಟ್ಟು, ಡ್ರೈವರ್‌ಗಳು ಪಾಪ ಯಾವಾಗ ತಿಂತೀರೋ ಏನೋ ಅಂದ. ಅವತ್ತಿನಿಂದ ಅವನು ಬರುವುದನ್ನು ಬಿಟ್ಟ. ಎಗಮ್-ಅಕಾನಿಗೆ ಇದು ಕಾಣದೇ ಇರಲಿಲ್ಲ. ಒಂದೆರಡು ಸಲ ಎದ್ದು ಸರಿದು ಕೂರಲು ನೋಡಿದ. ಆದರೆ ಮೇಲಿನ ಸಾಲಿನಿಂದ ಎದ್ದವನನ್ನು ನಮ್ಮ ಜನ ಭುಜ ಒತ್ತಿ ಮತ್ತೆ ಅಲ್ಲಿಯೇ ಕೂರಿಸುತ್ತಾರೆ.

ಪಂದ್ಯದ ದಿನ ಯಾರ ಮನೆಗೂ ಹೋಗಕೂಡದು ಅಂತ ಕೋಚ್ ಕಟ್ಟಪ್ಪಣೆ ಮಾಡಿದ. ಮಾಡಿದ್ದು ಸರಿ, ಆದರೆ ಮನೆಗಳೇ ರಸ್ತೆಗೆ ಬಂದವು. ಬಸ್ಸು ಬರುವ ದಾರಿಯಲ್ಲಿ ಬಟ್ಟೆ ಹಾಸಿ, ರೊಟ್ಟಿ, ದ್ರಾಕ್ಷಿ, ಮುಚ್ಚಿದ ತಟ್ಟೆ ಇಟ್ಟು, ಮುದುಕರು ಎದೆಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ರೊಟ್ಟಿಯ ಮುಂದೆ ಬಸ್ಸು ನಿಲ್ಲಿಸದೆ ಹೋದ ಡ್ರೈವರ್ ಈ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಎಗಮ್-ಅಕಾ ಬ್ರೇಕು ಹಾಕಿ, ಮುರಿದು ಒಂದು ತುಣುಕು ಬಾಯಿಗೆ ಹಾಕ್ಕೊಂಡು ಹೊರಡೋಣ ಅನ್ನುತ್ತಿದ್ದ. ಒಂದು ತುಣುಕಿಗೆ ಬಸ್ಸಿಂದ ಇಳಿದವರು ಮುಚ್ಚಳ ತೆಗೆಯದೇ ಹತ್ತಿದ್ದಿಲ್ಲ. ಅವನ ಮಟ್ಟಿಗೆ ಅದು ಬರೀ ಮರ್ಯಾದೆಯೂ ಆಗಿರಲಿಲ್ಲ. ಬಟ್ಟೆ ಹಾಸಿದ ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಮಾತಾಡಿಸಿ, ಹೊರಡುವಾಗ, ನಮ್ಮ ಕಿರಿಮಗಳದ್ದೂ ಬರ್ತಾ ಇದೆ, ಮರೀಬೇಡಿ ಅನ್ನುತ್ತಿದ್ದ.

ಇಷ್ಟಾದರೂ ಬೇದಾನಾ ಪೂರಾ ಮುಳುಗಲಿಲ್ಲ. ಹೋದ ವರ್ಷದ ಹೆದರಿಕೆ ಎದುರಾಳಿಗಳಲ್ಲಿ ಇನ್ನೂ ಉಳಿದಿತ್ತು, ಆ ಹೆದರಿಕೆಯೇ ಒಂದಷ್ಟು ಗೋಲು ಹೊಡೆಯಿತು. ಕೊನೆಯ ಪಂದ್ಯ ನಮ್ಮ ಮೈದಾನದಲ್ಲಿ, ತೆಮಿರ್ಚಿಯ ಮೇಲೆ. ಗೆದ್ದರೆ ಕಪ್ಪು ನಮ್ಮಲ್ಲೇ, ಇಲ್ಲದಿದ್ದರೆ ಅವರದ್ದು. ಮಳೆ ಬಂದು ಲೀಗಿನವರು ಆ ಪಂದ್ಯವನ್ನು ಮುಂದಿನ ಭಾನುವಾರಕ್ಕೆ ಹಾಕಿದರು. ಆ ಭಾನುವಾರ ಜುಲೈಹೋಳ ಮದುವೆ. ದಿನ ಬದಲಾಯಿಸುವ ಹಾಗಿರಲಿಲ್ಲ. ಮದುಮಗ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕಿದ್ದವನು, ಅದೊಂದು ವಾರ ರಜೆ ಹಾಕಿ ಬಂದಿದ್ದ.

ಗುರುವಾರ ಸಾಯಂಕಾಲ ನಿಶಾನ್‌ಬೋಯ್ ಎಗಮ್-ಅಕಾನ ಮನೆಗೆ ಬಂದ. ಅಂಗಳದಲ್ಲಿ ದ್ರಾಕ್ಷಿಬಳ್ಳಿಯ ಕೆಳಗೆ ಬಾಡಿಗೆಯ ಮೇಜು ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಸನೋಬರ್ ಚಹಾ ಇಟ್ಟು ಒಳಗೆ ಹೋದಳು. ನಿಶಾನ್‌ಬೋಯ್ ಬಟ್ಟಲು ಮುಟ್ಟಲಿಲ್ಲ.

“ಎಗಮ್-ಅಕಾ, ವರ್ಷವೆಲ್ಲಾ ನಾನು ಏನೂ ಕೇಳಿಲ್ಲ. ಭಾನುವಾರ ಒಂದು ದಿನ ಹುಡುಗರನ್ನ ನನಗೆ ಬಿಟ್ಟುಕೊಡಿ.”

“ನಾನೇನು ಅವರನ್ನ ಹಿಡ್ಕೊಂಡಿದೀನಾ, ಮೇಷ್ಟ್ರೇ?”

“ಬಸ್ಸು ಹಿಡ್ಕೊಂಡಿದೀರಲ್ಲ.”

ಎಗಮ್-ಅಕಾ ಕುರ್ಚಿಗಳ ರಾಶಿ ನೋಡಿದ. “ಹುಡುಗರು ಬರಲ್ಲ ಅಂದ್ರೆ ಊರೂ ಬರಲ್ಲ. ಊರು ಬರೋದು ನನ್ನ ಮುಖ ನೋಡೋಕಲ್ಲ. ಈ ಕುರ್ಚಿಗಳು ಎರಡು ಸಲ ಖಾಲಿ ಹೋಗಿವೆ ಮೇಷ್ಟ್ರೇ. ಬಾಡಿಗೆ ಅಂಗಡಿಯವನಿಗೂ ಗೊತ್ತು. ಈ ಸಲ ಕೊಡುವಾಗ, ಅಷ್ಟೂ ಬೇಕಾ ಅಂತ ಕೇಳ್ದ.”

ನಿಶಾನ್‌ಬೋಯಿಗೂ ಎರಡು ಹೆಣ್ಣುಮಕ್ಕಳು. ಬಟ್ಟಲನ್ನು ಎತ್ತಿಕೊಂಡ. ಕಡೆಗೆ ಒಂದು ಒಪ್ಪಂದವಾಯಿತು. ಹುಡುಗರು ಬರುತ್ತಾರೆ, ಮೇಲಿನ ಸಾಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂರುತ್ತಾರೆ, ಚಹಾ ಕುಡಿಯುತ್ತಾರೆ, ರೊಟ್ಟಿ ಮುರಿಯುತ್ತಾರೆ. ಓಶಿಗೆ ಕೈ ಹಾಕುವುದಿಲ್ಲ. ಕಾಯಲು ಕೋಚ್ ತಾನೇ ಬರುತ್ತಾನೆ. ಎಗಮ್-ಅಕಾ ಆಣೆ ಮಾಡಿದ, ಮನಸ್ಸಿಟ್ಟೇ ಮಾಡಿದ ಅನ್ನಬೇಕು.

ಭಾನುವಾರ ಇನ್ನೂ ಕತ್ತಲಿರುವಾಗಲೇ ಕೊಂಬುಗಳು ಕೂಗಿದವು. ಮೊದಲಿಗೆ ಹುಡುಗರು ಬಂದು ಮೇಲಿನ ಸಾಲಿನಲ್ಲಿ ಕೂತರು. ಅವರ ಹಿಂದೆಯೇ ಜನ ಬಂದರು. ರೊಟ್ಟಿ ಅಂಗಡಿಯವನು ತನ್ನ ಇಡೀ ಬೀದಿಯನ್ನು ಕರೆತಂದಿದ್ದ. ರಸ್ತೆಯಲ್ಲಿ ಬಟ್ಟೆ ಹಾಸಿದ್ದ ಮುದುಕರು ಕತ್ತೆಗಾಡಿಯಲ್ಲಿ ಬಂದರು, ಹತ್ತಿ ಗೋದಾಮಿನವರು ಟ್ರ್ಯಾಕ್ಟರಿನಲ್ಲಿ. ಅಂಗಳ ತುಂಬಿತು, ಖಾಲಿಯಾಯಿತು, ಮತ್ತೆ ತುಂಬಿತು. ಗೇಟಿನ ಹೊರಗೆ ಸಾಲು ಬೀದಿಯ ತಿರುವಿನ ತನಕ ನಿಂತಿತ್ತು. ಬಾಡಿಗೆ ಅಂಗಡಿಯವನೇ ಬಂದು ಕೂರಲು ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತ. ಸನೋಬರ್ ಅಡುಗೆಮನೆಯ ಕಿಟಕಿಯ ಪರದೆ ಸರಿಸಿ ನೋಡಿ ಮತ್ತೆ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಸರಿಸಿದಳು.

ಎಗಮ್-ಅಕಾ ಸಾಲಿನ ಉದ್ದ ನೋಡಿ ಗಾಬರಿಯಾದ. ಇಷ್ಟು ಜನರನ್ನು ಅವನು ಕನಸಿನಲ್ಲಿ ಕರೆದಿದ್ದನೇ ಹೊರತು ಅಕ್ಕಿಯಲ್ಲಿ ಕರೆದಿರಲಿಲ್ಲ. ಓಡಿಹೋಗಿ ಎರಡನೇ ಕಡಾಯಿಗೆ ಇನ್ನೊಂದು ಚೀಲ ಅಕ್ಕಿ ಸುರಿಸಿದ. ಅಡುಗೆಯವನು ಇಷ್ಟು ಅಕ್ಕಿಗೆ ಈ ನೀರು ಸಾಲದು ಅಂದ. ಹಾಗಾದರೆ ಹಾಕು ಅಂತ ತಾನೇ ಬಿಂದಿಗೆ ಎತ್ತಿ ಪೂರಾ ಸುರಿದ. ಅಡುಗೆಯವನು ಅಕ್ಕಿಯ ಮೇಲೆ ಬೆರಳಿಟ್ಟು ಅಳೆಯುತ್ತಿದ್ದವನು ಬೆರಳನ್ನು ಹಿಂದಕ್ಕೆ ತೆಗೆದು, ನಿಮ್ಮ ಮಗಳ ಮದುವೆ ಅಕಾ, ನನ್ನದೇನಿದೆ ಅಂದ.

ಆ ಕಡಾಯಿ ಬೆಂದು ಬಡಿಸಿದ ಮೇಲೆ ಎಗಮ್-ಅಕಾ ಮೇಲಿನ ಸಾಲಿನ ಹತ್ತಿರ ಬಂದು ನಿಂತ. ಹುಡುಗರು ಇನ್ನೂ ಕೈಕಟ್ಟಿ ಕೂತಿದ್ದರು, ಎದುರಿಗೆ ತಟ್ಟೆಗಳು ಹೊಗೆಯಾಡುತ್ತಿದ್ದವು. ಅಭ್ಯಾಸದ ಪ್ರಕಾರ ಯಾರೋ ನಿಶಾನ್‌ಬೋಯಿಗೆ ಬಾಗಿಲ ಹತ್ತಿರವೇ ಜಾಗ ತೋರಿಸಿದ್ದರು, ಅವನೂ ಚಪ್ಪಲಿಗಳ ನಡುವೆ ಕೂತು ತನ್ನ ಹುಡುಗರನ್ನು ಕಾಯುತ್ತಿದ್ದ. ಎಗಮ್-ಅಕಾ ನೇರ ಅಲ್ಲಿಗೆ ಹೋಗಿ, ಕೈಹಿಡಿದು ಎಬ್ಬಿಸಿ, ಮೇಲಿನ ಸಾಲಿನ ನಡುವಿಗೆ ಕರೆತಂದ. ತನ್ನ ಜರತಾರಿ ಅಂಗಿ ಬಿಚ್ಚಿ ಅವನಿಗೆ ಹೊದಿಸಿದ. ಕೊಂಬಿನವರು ಊದುವುದನ್ನು ನಿಲ್ಲಿಸಿದರು.

“ಇದು ಇವರದು. ಕಪ್ಪು ತಂದವರು ಇವರು. ನಾನು ಬಸ್ಸು ಓಡಿಸೋನು, ಒಂದು ವರ್ಷ ಇದನ್ನ ಇಟ್ಕೊಂಡಿದ್ದೆ ಅಷ್ಟೇ.”

ಅದು ತಪ್ಪೊಪ್ಪಿಗೆಯೋ ಉಪಾಯವೋ ಊರು ಇನ್ನೂ ತೀರ್ಮಾನಿಸಿಲ್ಲ. ಹೊದಿಸಿದವನ ಕಣ್ಣು ಒದ್ದೆಯಾಗಿತ್ತು, ಹೊದಿಸಿಕೊಂಡವನದೂ. ಆದರೆ ಅಂಗಿ ಹೊದ್ದವನು ಆ ಊಟದ ದೊಡ್ಡ ಅತಿಥಿ. ದೊಡ್ಡ ಅತಿಥಿ ಮೊದಲ ತುತ್ತು ತೆಗೆಯದೆ ಆ ಪಂಕ್ತಿಯಲ್ಲಿ ಯಾರೂ ತಿನ್ನುವ ಹಾಗಿಲ್ಲ, ಅವನು ತೆಗೆದ ಮೇಲೆ ಅವನ ಸಾಲಿನವರು ತಿನ್ನದೆ ಇರುವ ಹಾಗಿಲ್ಲ. ಇಡೀ ಅಂಗಳ ಕಾಯುತ್ತಿತ್ತು, ಬೀದಿಯ ಸಾಲೂ. ನಿಶಾನ್‌ಬೋಯ್ ಹುಡುಗರನ್ನು ನೋಡಿದ, ತನ್ನ ತೋಳಿನ ಜರಿಯನ್ನು ನೋಡಿಕೊಂಡ, ಅಡುಗೆಮನೆಯ ಕಿಟಕಿಯ ಪರದೆಯನ್ನು ನೋಡಿದ. ಕೈ ತೊಳೆದು ತುತ್ತು ತೆಗೆದ. ಪುಲಾತ್ ಎರಡನೆಯವನು. ಆಮೇಲೆ ಯಾರೂ ತಲೆಯೆತ್ತಲಿಲ್ಲ. ಅಕ್ಕಿ ಗಂಜಿಯ ಹಾಗೆ ಮೆತ್ತಗಾಗಿದ್ದರೂ ಮದುವೆಮನೆಯ ಮರ್ಯಾದೆಗೆ ಎರಡೆರಡು ತಟ್ಟೆ ಮುಗಿಸಿದರು. ಮೆತ್ತಗಿದ್ದದ್ದರಿಂದ ಇನ್ನೂ ಸಲೀಸಾಗಿ ಇಳಿಯಿತು.

ತೆಮಿರ್ಚಿ ತಂಡ ಮಧ್ಯಾಹ್ನ ತಡವಾಗಿ ಬಂತು. ನಾವು ದಾನ ಮಾಡಿದ ಬಸ್ಸು ದಾರಿಯಲ್ಲಿ ನಿಂತಿತ್ತು. ಹೊಳೆಯ ಏರಿನಿಂದ ಮೈದಾನದ ತನಕ ತಳ್ಳಿಕೊಂಡೇ ಬಂದಿದ್ದರು, ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಾಗಿಲು ಒದೆಯುವ ಹದ ಗೊತ್ತಿಲ್ಲದೆ ಕಿಟಕಿಯಿಂದ ಜಿಗಿದರು. ಆಟದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮೊದಲರ್ಧ ನಮ್ಮವರು ನಿಂತರು, ಎರಡನೆಯರ್ಧ ನಿಂತಲ್ಲೇ ನಿಂತರು. ಕಡೆಗಳಿಗೆಯಲ್ಲಿ ಅವರ ಒಬ್ಬ ಹುಡುಗ ಚೆಂಡನ್ನು ನೆಲದ ಮೇಲೇ ಮೆಲ್ಲಗೆ ಉರುಳಿಸಿದ. ನಮ್ಮ ಗೋಲ್‌ಕೀಪರ್ ಬಗ್ಗಲು ಶುರುಮಾಡಿದ. ಬಗ್ಗಿ ಮುಗಿಸುವ ಹೊತ್ತಿಗೆ ಚೆಂಡು ಬಲೆಯಲ್ಲಿತ್ತು. ಕಪ್ಪು ಕಣಿವೆಯ ಆ ತುದಿಗೆ ಹೋಯಿತು, ಕಪ್ಪು ನಮ್ಮ ಮುಖದಲ್ಲಿ ಉಳಿಯಿತು.

ಮುಂದಿನ ವಾರ ಪ್ರಾಂತ್ಯದಿಂದ ಒಬ್ಬ ಸಾಹೇಬರು ಸೋಲಿನ ವಿಚಾರಣೆಗೆ ಬಂದರು. ಮೈದಾನದ ಚಹಾದ ಅಂಗಡಿಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದರು. ಒಬ್ಬರು ಹುಲ್ಲು ಉದ್ದವಾಗಿತ್ತು ಅಂದರು, ಒಬ್ಬರು ರೆಫರಿಯ ಅತ್ತೆಮನೆ ತೆಮಿರ್ಚಿಯ ಕಡೆ ಅಂದರು. ಗೋಲ್‌ಕೀಪರ್ ಬಿಸಿಲು ಕಣ್ಣಿಗೆ ಹೊಡೆಯಿತು ಅಂದ, ಅವತ್ತು ಮೋಡವಿತ್ತು. ಹೊಸ ಬಸ್ಸು ಕೊಟ್ಟದ್ದೇ ತಪ್ಪು ಅಂತ ಪುಲಾತ್ ಅಂದದ್ದನ್ನು ಹಾಕಿಮರ ಕಡೆಯವರು ಬರೆದುಕೊಳ್ಳಲಿಲ್ಲ. ನಿಶಾನ್‌ಬೋಯ್ ತಪ್ಪೆಲ್ಲ ತನ್ನದು, ಕೆಲಸ ಬಿಡುತ್ತೇನೆ ಅಂದ. ಜರತಾರಿ ಅಂಗಿ ಹೊದ್ದೇ ಬಂದಿದ್ದ. ಬಿಡಬೇಡ ಅಂತ ಊರವರು ಗದ್ದಲ ಮಾಡಿದರು. ಒಂದು ವಾರದಲ್ಲೇ ಅವನಿಗೆ ಊಟಕ್ಕೆ ಹೇಳಿಕೆಗಳು ಶುರುವಾಗಿದ್ದವು.

ಕೊನೆಗೆ ಸಾಹೇಬರು ಮೂಲೆಯಲ್ಲಿ ಸಕ್ಕರೆ ಕಡಿಯುತ್ತಾ ಚಹಾ ಕುಡಿಯುತ್ತಿದ್ದ ಎಗಮ್-ಅಕಾನ ಕಡೆ ತಿರುಗಿದರು. ಊಟದ ಕಥೆ ಅವರ ಕಿವಿಗೂ ಬಿದ್ದಿತ್ತು. ಸಿಟ್ಟಿರಲಿಲ್ಲ, ಕುತೂಹಲವಿತ್ತು.

“ನಿಮ್ಮನ್ನ ಯಾರೂ ಏನೂ ಮಾಡಲ್ಲ ಅಕಾ. ನನಗಾಗಿ ಒಂದು ಮಾತು ಹೇಳಿ. ಆ ಭಾನುವಾರ ಇನ್ನೊಂದು ಸಲ ಬಂತು ಅಂದ್ಕೊಳ್ಳಿ. ಏನು ಬದಲಾಯಿಸ್ತೀರಿ?”

ನಿಶಾನ್‌ಬೋಯ್ ಅಂಗಿಯ ಅಂಚು ಹಿಡಿದುಕೊಂಡ. ಪುಲಾತ್ ಅಗಿಯುವುದನ್ನು ನಿಲ್ಲಿಸಿದ. ಎಗಮ್-ಅಕಾ ಬಟ್ಟಲನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದ. ಆಮೇಲೆ ತೋರುಬೆರಳನ್ನು ಎತ್ತಿ, ಇನ್ನೊಂದು ಕೈಯಿಂದ ಅದರ ಮೊದಲ ಗೆಣ್ಣನ್ನು ಹಿಡಿದು ತೋರಿಸಿದ.

“ಎರಡನೇ ಕಡಾಯಿಗೆ ನೀರು ಇಷ್ಟು ಕಮ್ಮಿ ಹಾಕ್ತೀನಿ.”